ತಾತ ಗಂಧದ ಸಸಿ ಯಾಕೆ ಕೀಳುತ್ತಿದ್ದರು?

ಅರಸೀಕೆರೆ ಕಡೆ ನಮ್ಮ ಹೊಲದ ಬದುವಿನಲ್ಲಿ ಗಂಧದ ಸಸಿಗಳು ತಾವಾಗೇ ಹುಟ್ಟುತ್ತಿದ್ದವು. ಹಣ್ಣು ತಿಂದ ಹಕ್ಕಿ ಬೀಜ ಉದುರಿಸಿ ಹೋಗುತ್ತಿತ್ತು, ಸಸಿ ಬೇಲಿ ಗಿಡದ ಬೇರಿಗೆ ಬೇರು ಕಚ್ಚಿಸಿಕೊಂಡು ಮೇಲೇಳುತ್ತಿತ್ತು. ಮೊಣಕಾಲುದ್ದ ಬರುವಷ್ಟರಲ್ಲಿ ತಾತ ಕಳೆ ಜೊತೆ ಅದನ್ನೂ ಕಿತ್ತು ಬಿಸಾಕುತ್ತಿದ್ದರು. ಕೇಳಿದರೆ, "ಬೆಳೆದರೆ ಸರ್ಕಾರದ್ದು, ಕಳುವಾದರೆ ಕೇಸು ನಮ್ದು" ಅನ್ನುತ್ತಿದ್ದರು.

ಈ ಲೆಕ್ಕಾಚಾರ ಶುರುವಾಗಿದ್ದು ಟಿಪ್ಪು ಕಾಲದಲ್ಲಿ. 1792ರಲ್ಲಿ ಗಂಧವನ್ನು ರಾಜಮರ ಎಂದು ಸಾರಲಾಯಿತು, ಯಾರ ಜಮೀನಿನಲ್ಲಿದ್ದರೂ ಮರ ಅರಮನೆಯದು. ಒಡೆಯರೂ ಅದನ್ನೇ ಮುಂದುವರಿಸಿದರು. ಬೊಕ್ಕಸಕ್ಕೆ ದುಡ್ಡು ತರುವ ಮರವನ್ನು ಯಾರು ಬಿಡ್ತಾರೆ ಹೇಳಿ? ತುಂಡುಗಳು ಎಣ್ಣೆ ತೆಗೆಯೋಕೆ ಜರ್ಮನಿಗೆ ಹೋಗುತ್ತಿದ್ದವು. ಮೊದಲ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿ ಸರಕು ಕೊಳೆಯೋ ಹಾಗಾದಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ, ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯತೊಡಗಿತು. ಮೈಸೂರ್ ಸ್ಯಾಂಡಲ್ ಸೋಪು ಬಂದದ್ದು ಅದರ ಬೆನ್ನಿಗೆ. ಹಾಸನದಲ್ಲಿರುವ 'ಗಂಧದ ಕೋಠಿ' ಅನ್ನೋ ಜಾಗಕ್ಕೆ ಆ ಹೆಸರು ಬಂದಿದ್ದೂ ಇದೇ ವ್ಯಾಪಾರದಿಂದ.

ಸ್ವಾತಂತ್ರ್ಯ ಬಂದರೂ ಗಂಧಕ್ಕೆ ಬರಲಿಲ್ಲ. 1963ರ ಅರಣ್ಯ ಕಾಯ್ದೆಯಲ್ಲೂ ಹಳೇ ಕಥೆನೇ. ಮರದಲ್ಲಿ ಚೇಗು, ಅಂದರೆ ಪರಿಮಳದ ಒಳತಿರುಳು, ಕಟ್ಟೋಕೆ ಹದಿನೈದು ವರ್ಷವಾದರೂ ಬೇಕು, ಅಷ್ಟು ದಿನ ಕಾಯುವ ಕೆಲಸ ರೈತನದು, ಕಡಿದು ಮಾರುವ ಅಧಿಕಾರ ಮಾತ್ರ ಇಲಾಖೆಯದು. ಇಂಥ ಮರ ಸಾಕುವ ರೈತ ಎಲ್ಲಿದ್ದಾನೆ? ಕದಿಯುವವನಿಗೆ ಮಾತ್ರ ಅದರ ಪೂರ್ತಿ ಬೆಲೆ ಸಿಗುತ್ತಿತ್ತು. ಕಾನೂನು ಬಿಗಿಯಾದಷ್ಟೂ ಕಳ್ಳಪೇಟೆಯಲ್ಲಿ ರೇಟು ಏರಿತು, ಬದುಗಳು ಬೋಳಾದವು. 1998ರ ಹೊತ್ತಿಗೆ ಶ್ರೀಗಂಧ ಅಪಾಯದಲ್ಲಿರುವ ಮರಗಳ ಜಾಗತಿಕ ಪಟ್ಟಿ ಸೇರಿತ್ತು. ಅತ್ತ ಆಸ್ಟ್ರೇಲಿಯಾದವರು ನಮ್ಮದೇ ತಳಿಯನ್ನು ಎಕರೆಗಟ್ಟಲೆ ನೆಡೋಕೆ ಶುರು ಮಾಡಿದ್ದರು!

ಇದು ಗಂಧದೊಂದರ ಕಥೆಯಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಸಾಲುಗಟ್ಟಿ ನಿಂತಿರೋದು ಅದು ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸಬಹುದು ಅಂತ ಮಾತ್ರ ಅಲ್ಲ. ಅದನ್ನು ಕಡಿಯೋಕೆ ಬೀಟೆ ಮರಕ್ಕಿರುವಂಥ ಅನುಮತಿಯ ರಗಳೆ ಇಲ್ಲ.

ಕೊನೆಗೆ 2001ರ ತಿದ್ದುಪಡಿಯಲ್ಲಿ, ಜಮೀನಿನವನೇ ಗಂಧದ ಮರದ ಯಜಮಾನ ಅಂತಾಯಿತು. ಆದರೂ ಕಂಡವರಿಗೆಲ್ಲ ಮಾರುವ ಹಾಗಿರಲಿಲ್ಲ, ಸರ್ಕಾರಿ ಸೋಪು ಕಂಪನಿಯಂಥವರಿಗೆ ನೇರವಾಗಿ ಕೊಡಬಹುದು ಅನ್ನೋದು ಆಮೇಲೆ ಬಂತು. ತಾತ ಅದನ್ನು ನೋಡಲಿಲ್ಲ.

ಈಗ ಅದೇ ಬದುವಿನಲ್ಲಿ ಚಿಕ್ಕಪ್ಪ ನರ್ಸರಿಯಿಂದ ದುಡ್ಡು ಕೊಟ್ಟು ತಂದ ಸಸಿ ನೆಟ್ಟಿದ್ದಾರೆ. ಬೇರಿನ ಆಸರೆಗೆ ಪಕ್ಕದಲ್ಲಿ ತೊಗರಿ. ಪಹಣಿಯಲ್ಲೂ ಬರೆಸಿದ್ದಾರೆ. ರಾತ್ರಿ ಕಾವಲಿಗೆ ಎರಡು ನಾಯಿ, ಒಂದು ಕ್ಯಾಮೆರಾ.