ಬಾಯಿಪಾಠಕ್ಕೆ ಮೊದಲು ಒಂದು ಕೈ ಚೌಕಾಬಾರ

ಹವ್ಯಾಸಿ ತಂಡಗಳಿಗೆ ನಾಟಕ ಆಡಿಸಲು ಹೋದಾಗ ಮೊದಲ ದಿನವೇ ಇದು ಕಣ್ಣಿಗೆ ಬೀಳುತ್ತದೆ. ನಾಟಕದ ಜೆರಾಕ್ಸ್ ಪ್ರತಿ ಕೈಗೆ ಬಂದ ತಕ್ಷಣ ಎಲ್ಲರೂ ತಮ್ಮ ತಮ್ಮ ಮಾತಿಗೆ ಹಳದಿ ಬಣ್ಣ ಬಳಿಯುತ್ತಾ ಕೂರುತ್ತಾರೆ. ಎದುರಿನವರ ಮಾತು ಬಿಳಿಯಾಗಿಯೇ ಉಳಿಯುತ್ತದೆ. ಒಂದು ವಾರದಲ್ಲಿ ಹಳದಿಯೆಲ್ಲ ಬಾಯಿಪಾಠ. ನನ್ನ ಕಷ್ಟ ಶುರುವಾಗುವುದು ಆಮೇಲೆ. ಒಂದು ರಾಗ ಹಿಡಿದು ಕೂತ ಮಾತನ್ನು ಬಿಡಿಸುವುದು ಅಂದರೆ ಗೋಡೆಯ ಮೊಳೆ ಕಿತ್ತ ಹಾಗೆ, ತೂತು ಉಳಿದೇ ಉಳಿಯುತ್ತದೆ.

ಅದಕ್ಕೇ ಮೊದಲ ಕೆಲವು ದಿನ ಮಾತು ಕಲಿಯಲು ಬಿಡುವುದಿಲ್ಲ. ಆಟ ಆಡಿಸುತ್ತೇನೆ.

ಇದು ನನ್ನ ಶೋಧನೆಯೇನಲ್ಲ. ಅಮೆರಿಕದ ಶಿಕಾಗೋದಲ್ಲಿ ವಯೋಲಾ ಸ್ಪೋಲಿನ್ ಎಂಬಾಕೆ ವಲಸಿಗರ ಮಕ್ಕಳಿಗೆ ಆಟಗಳ ಮೂಲಕವೇ ನಾಟಕ ಕಲಿಸಿದರು. 1963ರಲ್ಲಿ ಆ ಆಟಗಳೆಲ್ಲ ಪುಸ್ತಕವಾಗಿ ಬಂದವು. ಇವತ್ತು ನಮ್ಮ ಬೇಸಿಗೆ ಶಿಬಿರಗಳಲ್ಲೂ ಆಟ ಇದ್ದೇ ಇರುತ್ತದೆ. ಆದರೆ ಅಲ್ಲಿ ಆಟ ಅಂದರೆ ಮೈ ಸಡಿಲ ಮಾಡಿಕೊಳ್ಳಲು ಅರ್ಧ ಗಂಟೆ ಓಡಾಟ. ಅದು ಮುಗಿದ ಮೇಲೆ "ಸರಿ, ಈಗ ನಾಟಕಕ್ಕೆ ಬನ್ನಿ." ನಾನೂ ಹಿಂದೆ ಹಾಗೇ ಮಾಡಿದ್ದೆ. ಹತ್ತು ದಿನದ ಶಿಬಿರದಲ್ಲಿ ನಾಲ್ಕು ದಿನ ಕೆರೆ-ದಡ, ಕಣ್ಣಾಮುಚ್ಚಾಲೆ. ಹುಡುಗರು ಕುಣಿದು ಕುಪ್ಪಳಿಸಿದರು. ಐದನೇ ದಿನ ನಾಟಕ ಕೈಗೆ ಕೊಟ್ಟೆ ನೋಡಿ, ಅದೇ ಎದೆಯುಬ್ಬಿಸಿದ ದನಿ, ಅದೇ ಗಾಳಿಯಲ್ಲಿ ಬೀಸುವ ಕೈ. ಆಟಕ್ಕೂ ದೃಶ್ಯಕ್ಕೂ ನಂಟೇ ಇರಲಿಲ್ಲ. ಆಟವನ್ನು ದೃಶ್ಯದ ಒಳಗಿಂದಲೇ ಹೆಕ್ಕಬೇಕು ಅನ್ನುವುದು ನನಗೆ ಹೊಳೆದದ್ದು ಆಗ.

ಗಿರೀಶ ಕಾರ್ನಾಡರ 'ತುಘಲಕ್' ತೆಗೆದುಕೊಳ್ಳಿ. ಎರಡನೇ ದೃಶ್ಯ ತೆರೆಯುವಾಗ ಸುಲ್ತಾನ ಚದುರಂಗದ ಮಣೆಯ ಮೇಲೆ ಬಾಗಿ ಕೂತಿದ್ದಾನೆ. ಮಲತಾಯಿ ಬರುತ್ತಾಳೆ. ಮಗ ರಾತ್ರಿಯಿಡೀ ಎದ್ದಿರುತ್ತಾನೆ ಎಂಬ ಚಿಂತೆ ಆಕೆಗೆ. ಅವನಿಗೋ ಯಾರೂ ಬಿಡಿಸಲಾರದ ಚದುರಂಗದ ಸಮಸ್ಯೆ ಬಿಡಿಸಿದ ಖುಷಿ. ಬಾಲ್ಯದ ಗೆಳೆಯ ಐನ್-ಉಲ್-ಮುಲ್ಕ್ ದಿಲ್ಲಿಯ ಮೇಲೆ ದಂಡೆತ್ತಿ ಬರುತ್ತಿರುವ ಸುದ್ದಿ ಹೊರಬೀಳುವುದೂ ಅದೇ ಮಾತುಕತೆಯ ನಡುವೆ.

ಸುಲ್ತಾನನ ಪಾತ್ರದ ಹುಡುಗ ಆ ಸುದ್ದಿಯನ್ನು ಸಿಡಿಲು ಹೊಡೆದ ಹಾಗೆ ಹೇಳುತ್ತಿದ್ದ. ಪ್ರತಿ ಪಕ್ಕಕ್ಕಿಡಿಸಿದೆ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕಾಬಾರದ ಮನೆ ಬರೆದು, ಅವನನ್ನೂ ಮಲತಾಯಿಯ ಪಾತ್ರದ ಹುಡುಗಿಯನ್ನೂ ಎದುರುಬದುರು ಕೂರಿಸಿ ಕವಡೆ ಕೊಟ್ಟೆ. ನಿಯಮ ಎರಡೇ. ಅವನು ಗೆಲ್ಲಬೇಕು. ಅವಳು ಮಾತಾಡಿ ಮಾತಾಡಿ ಅವನ ಕಣ್ಣು ಮಣೆಯಿಂದ ಮೇಲೇಳುವಂತೆ ಮಾಡಬೇಕು. ಒಂದು ಸಲ ಕಣ್ಣೆತ್ತಿದರೆ ಅವಳಿಗೆ ಒಂದು ಹುಣಸೆಬೀಜ. ಮಾತು ನಾಟಕದ್ದಲ್ಲ, ಅವರದೇ.

ಮೊದಲ ಐದು ನಿಮಿಷ ಬರೀ ನಗು. ಆಮೇಲೆ ಅವಳು, "ಊಟ ಮಾಡಿದ್ಯಾ?" ಅಂತ ಕೇಳಿದಳು. ಅವನು ಕವಡೆ ಕುಲುಕುತ್ತಲೇ ಹೂಂ ಅಂದ. "ಸುಳ್ಳು" ಅಂದಳು, ತುಂಬಾ ಮೆಲ್ಲಗೆ. ಅವನು ಕಣ್ಣೆತ್ತಿಬಿಟ್ಟ. ಒಂದು ಬೀಜ ಹೋಯಿತು.

ಆಗ ನಾಟಕದ ಮಾತು ಕೊಟ್ಟೆ. ಕವಡೆ ಕೈಯಲ್ಲೇ ಇತ್ತು. ದಂಡು ಬರುವ ಸುದ್ದಿ ಅವನ ಬಾಯಿಂದ ಗರ ಬೀಳುವ ಸದ್ದಿನ ಜೊತೆಗೇ, ಸುಮ್ನೆ ಹೇಳಿದ ಹಾಗೆ ಬಂತು. ಕಾಯಿ ನಡೆಸಲು ಹೋದ ಅವಳ ಕೈ ಅಲ್ಲೇ ನಿಂತುಹೋಯಿತು. ನಾನು ಬಾಯಿ ಬಿಡಲೇ ಇಲ್ಲ. ಇದನ್ನೇ "ಇಲ್ಲಿ ಕೈ ನಿಲ್ಲಿಸಮ್ಮ" ಅಂತ ಹೇಳಿಕೊಟ್ಟಿದ್ದರೆ ಅವಳು ಮೂರು ದಿನ ಎಣಿಸಿ ನಿಲ್ಲಿಸುತ್ತಿದ್ದಳು.

ಎಲ್ಲ ದೃಶ್ಯಕ್ಕೂ ಇಷ್ಟು ಸಲೀಸಾದ ಆಟ ಸಿಗುವುದಿಲ್ಲ. ದರ್ಬಾರು, ಗುಂಪಿನ ದೃಶ್ಯಗಳಿಗೆ ನಾನು ಇಸ್ಪೀಟ್ ಎಲೆ ಹಂಚುತ್ತೇನೆ. ಎಲೆಯನ್ನು ನೋಡದೆ ಹಣೆಗೆ ಒತ್ತಿ ಹಿಡಿಯಬೇಕು. ನನ್ನದು ರಾಜನೋ ದುಗ್ಗಿಯೋ ನನಗೆ ಗೊತ್ತಿಲ್ಲ, ಉಳಿದವರು ನಡೆದುಕೊಳ್ಳುವ ರೀತಿಯಿಂದ ತಿಳಿಯಬೇಕು. ಸುಲ್ತಾನನನ್ನು ಸುಲ್ತಾನ ಮಾಡುವುದು ಅವನ ಎದೆಯಲ್ಲ, ಸುತ್ತಲಿನವರ ಬೆನ್ನು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

"ಸ್ವಂತ ಮಾತು ಆಡಿಸಿದರೆ ನಾಟಕಕಾರರಿಗೆ ಅವಮಾನ ಅಲ್ವಾ ಸಾರ್?" ಅಂತ ಕೇಳುವವರಿದ್ದಾರೆ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅಂದರೆ ಕರಾವಳಿ, ಮಲೆನಾಡಿನ ತಾಳಮದ್ದಳೆ ನೋಡಿದವರಿಗೆ ಈ ಅನುಮಾನ ಬರುವುದಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಮಾತನ್ನು ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವನು, ಅಲ್ಲೇ ಕಟ್ಟಬೇಕು. ಎದುರಿನವರು ಏನು ಕೇಳುತ್ತಾರೋ ಗೊತ್ತಿರುವುದಿಲ್ಲ, ಹಾಗಾಗಿ ಕಿವಿಗೊಡದೆ ಗತಿಯಿಲ್ಲ. ಪದ್ಯವನ್ನು ಬಿಟ್ಟು ಹೋಗುವಂತೆಯೂ ಇಲ್ಲ. ನಾನೂ ಎರಡು ಮೂರು ಸುತ್ತು ಆದಮೇಲೆ ಮೂಲದ ಮಾತಿಗೆ ಮರಳಿಸುತ್ತೇನೆ, ಅಕ್ಷರ ತಪ್ಪಿದರೂ ಬಿಡುವುದಿಲ್ಲ.

ಹಿರಿಯ ನಟರನ್ನು ಒಪ್ಪಿಸುವುದು ಬೇರೆಯೇ ಕಸರತ್ತು. ಒಂದು ತಂಡದಲ್ಲಿ ಅರವತ್ತು ದಾಟಿದ ಒಬ್ಬರು, "ಈ ವಯಸ್ಸಲ್ಲಿ ನನ್ನ ಕೈಲಿ ಗೋಲಿ ಆಡಿಸ್ತೀರಾ?" ಅಂತ ಗರಂ ಆದರು. ವಾದ ಮಾಡಲಿಲ್ಲ. ಪಕ್ಕದಲ್ಲಿ ಕೂತು ಬೀಜ ಎಣಿಸಿ ಅಂದೆ. ಎರಡನೇ ದಿನ, "ಅವನು ಕಣ್ಣೆತ್ತಿದ, ನೀವು ನೋಡಲಿಲ್ಲ!" ಅಂತ ನನ್ನ ಮೇಲೇ ರೇಗಿದರು. ಮೂರನೇ ದಿನ ಟೀ ಬಿಡುವಿನಲ್ಲಿ ತಮ್ಮ ಪ್ರತಿ ಹಿಡಿದು ಬಂದು ಕೇಳಿದರು, "ನನ್ನ ದೃಶ್ಯಕ್ಕೆ ಯಾವ ಆಟ?"