ನಮ್ಮ ಲ್ಯಾಬ್ರಡಾರ್‌ಗೆ ನೀರೆಂದರೆ ಭಯ, ಎತ್ತಿ ಹಾಕಿದರೆ ಈಜು ಕಲಿಯುತ್ತಾನಾ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಹತ್ತು ತಿಂಗಳು. ಅಂಗಳದಲ್ಲಿ ಏನೇ ಎಸೆದರೂ ಓಡಿಹೋಗಿ ತರುತ್ತಾನೆ. ಕೆರೆಯಲ್ಲಿ ಮಾತ್ರ ಕಾಲು ಒದ್ದೆಯಾದ ಕೂಡಲೇ ಹಿಂದೆ ಸರಿಯುತ್ತಾನೆ. ಎತ್ತಿ ನೀರಿಗೆ ಹಾಕಿದರೆ ತಾನೇ ಕಲಿಯುತ್ತಾನೆ ಅಂತಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಹೇಗೋ ಕೈಕಾಲು ಬಡಿದು ದಡ ಸೇರಬಹುದು, ಆದರೆ ಆಮೇಲೆ ನೀರಿನ ಹತ್ತಿರವೂ ಸುಳಿಯದಿದ್ದರೆ ಆಶ್ಚರ್ಯವಿಲ್ಲ. ನಿಮ್ಮ ಮೇಲಿನ ನಂಬಿಕೆಯೂ ಕೆಡುತ್ತದೆ.

ಇವನ ಮೈಕಟ್ಟೇ ನೀರಿಗೆ ಹೇಳಿ ಮಾಡಿಸಿದ್ದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ಕೊರೆಯುವ ಕಡಲಲ್ಲಿ ದುಡಿಯುತ್ತಿದ್ದ ನಾಯಿಗಳು ಇವನ ಪೂರ್ವಜರು. ಬ್ರಿಟನ್ನಿಗೆ ಬಂದ ಮೇಲೆ ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಕಚ್ಚಿ ತರುವ ಕೆಲಸಕ್ಕೆ ಪಳಗಿದವು. 1903ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ ಈ ತಳಿಗೆ ಮಾನ್ಯತೆ ಕೊಟ್ಟಿತು. ಬೆರಳುಗಳ ನಡುವೆ ಚರ್ಮ, ಎರಡು ಪದರದ ಕೂದಲು, ತಿರುಗಲು ನೆರವಾಗುವ ದಪ್ಪ ಬಾಲ, ಎಲ್ಲವೂ ಹುಟ್ಟಿನಿಂದಲೇ ಬಂದಿವೆ. ಧೈರ್ಯವನ್ನು ಮಾತ್ರ ನಾವು ತುಂಬಬೇಕು.

ಮೊದಲು ಜಾಗ ನೋಡಿ. ನಡೆದುಕೊಂಡೇ ಇಳಿದು ನಡೆದುಕೊಂಡೇ ಮೇಲೆ ಬರುವಂಥ ಇಳಿಜಾರು ದಂಡೆ ಬೇಕು. ಕಲ್ಯಾಣಿಯ ಪಾಚಿಗಟ್ಟಿದ ಮೆಟ್ಟಿಲು ಬೇಡ, ಸೆಳೆತವಿರುವ ನಾಲೆಯಂತೂ ಬೇಡವೇ ಬೇಡ. ಕಾವೇರಿ, ಕಾಳಿ ನದಿಗಳಲ್ಲಿ ಮೊಸಳೆಗಳಿವೆ. ನೀರು ಹಸಿರು ಬಣ್ಣಕ್ಕೆ ತಿರುಗಿ ಮೇಲೆ ಕೆನೆಗಟ್ಟಿದ್ದರೆ ಅದು ವಿಷಕಾರಿ ಪಾಚಿಯಾಗಿರಬಹುದು, ವಾಪಸ್ ಬನ್ನಿ. ಇಲಿಜ್ವರದ ಲಸಿಕೆಯೂ ಆಗಿರಲಿ.

ಇನ್ನು ಈಜು. ನೀವೇ ಮೊಣಕಾಲುದ್ದ ನೀರಿಗಿಳಿದು ಅವನನ್ನು ಕರೆಯಿರಿ. ಈಜು ಬಲ್ಲ ಇನ್ನೊಂದು ನಾಯಿ ಜೊತೆಗಿದ್ದರೆ ಅರ್ಧ ಕೆಲಸ ಮುಗಿದಂತೆ. ಹೊಸದಾಗಿ ಈಜುವ ನಾಯಿಯ ಮುಂಗಾಲುಗಳನ್ನು ಗಮನಿಸಿ. ತಲೆ ಮೇಲೆತ್ತಿ, ಪಂಜಗಳನ್ನು ನೀರಿನಿಂದ ಹೊರಗೆ ತೆಗೆದು ಪಟಪಟ ಬಡಿಯುತ್ತದೆ. ಹಿಂಭಾಗ ಮುಳುಗಿ ಮೈ ನೆಟ್ಟಗೆ ನಿಲ್ಲುತ್ತದೆ. ಎಷ್ಟು ಬಡಿದರೂ ಮುಂದೆ ಸಾಗುವುದಿಲ್ಲ, ಬೇಗ ಸುಸ್ತಾಗುತ್ತದೆ. ಆಗ ಹೊಟ್ಟೆಯ ಕೆಳಗೆ, ಹಿಂಗಾಲಿನ ಹತ್ತಿರ ಕೈಕೊಟ್ಟು ಸೊಂಟವನ್ನು ಮೇಲಕ್ಕೆತ್ತಿ ಹಿಡಿಯಿರಿ. ಬೆನ್ನು ನೀರಿನ ಮಟ್ಟಕ್ಕೆ ಬಂದ ಕೂಡಲೇ ಹಿಂಗಾಲುಗಳು ಒದೆಯಲು ಶುರುಮಾಡುತ್ತವೆ, ಮುಂಗಾಲುಗಳ ಪಟಪಟ ಸದ್ದು ತಾನಾಗಿ ನಿಲ್ಲುತ್ತದೆ. ಆ ಕ್ಷಣ ನಿಮ್ಮ ಕೈಗೇ ತಿಳಿಯುತ್ತದೆ, ಬಹಳ ಖುಷಿ ಕೊಡುವ ಕ್ಷಣ ಅದು. ಬೆನ್ನ ಮೇಲೆ ಹಿಡಿಕೆಯಿರುವ ಲೈಫ್ ಜಾಕೆಟ್ ಹಾಕಿದರೆ ಇಬ್ಬರಿಗೂ ಸುಲಭ. ಕುತ್ತಿಗೆ ಬಿಗಿಯುವ ಚೈನು ಮಾತ್ರ ಬೇಡ.

ಎಸೆದದ್ದನ್ನು ತರುವುದು ಇವನಿಗೆ ಗೊತ್ತೇ ಇದೆ, ಆ ಆಸೆಯನ್ನೇ ಬಳಸಿಕೊಳ್ಳಿ. ಮೊದಲು ಪಾದ ಮುಳುಗುವಷ್ಟು ನೀರಿಗೆ ಎಸೆಯಿರಿ, ಆಮೇಲೆ ಹೊಟ್ಟೆ ತಾಗುವಷ್ಟಕ್ಕೆ, ಕೊನೆಗೆ ಕಾಲು ನೆಲ ಬಿಟ್ಟು ನಾಲ್ಕು ಹೆಜ್ಜೆ ಈಜುವಷ್ಟು ದೂರಕ್ಕೆ. ಚೆಂಡಿಗಿಂತ ಉದ್ದನೆಯ, ತೇಲುವ ಡಮ್ಮಿ (ಎಸೆದು ತರಿಸುವ ತರಬೇತಿಯ ಆಟಿಕೆ) ಒಳ್ಳೆಯದು. ಚೆಂಡು ಕಚ್ಚಲು ಬಾಯಿ ಅಗಲಿಸಿದಾಗ ನೀರು ಒಳಗೆ ಹೋಗುತ್ತದೆ. ದಡಕ್ಕೆ ಬಂದವನೇ ಡಮ್ಮಿ ಕೆಳಗೆ ಹಾಕಿ ಮೈಕೊಡವುವುದು ಎಲ್ಲ ನಾಯಿಗಳ ಅಭ್ಯಾಸ. ನೀವೇ ನೀರಂಚಿಗೆ ಹೋಗಿ, ಮೈಕೊಡವುವ ಮೊದಲೇ ಬಾಯಿಂದ ತೆಗೆದುಕೊಂಡು ಹೊಗಳಿ. ಇನ್ನೂ ಬೇಕು ಎಂದು ಕುಣಿಯುತ್ತಿರುವಾಗಲೇ ಆಟ ನಿಲ್ಲಿಸಿ.

ತುಂಬಾ ಹೊತ್ತು ನೀರಲ್ಲಿ ಆಡುತ್ತಾ ಹೆಚ್ಚು ನೀರು ನುಂಗಿದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯ. ವಾಂತಿ, ತೂರಾಟ, ಹೊಟ್ಟೆ ಉಬ್ಬರ ಕಂಡರೆ ತಡಮಾಡದೆ ಪಶುವೈದ್ಯರ ಬಳಿ ಹೋಗಿ. ಮರುದಿನ ಬಾಲ ಸತ್ವವಿಲ್ಲದೆ ಜೋತುಬಿದ್ದಿದ್ದರೆ ಸಾಮಾನ್ಯವಾಗಿ ಅದು ಸ್ನಾಯುವಿನ ದಣಿವು, ಕೆಲವು ದಿನದ ವಿಶ್ರಾಂತಿಯಲ್ಲಿ ಸರಿಹೋಗುತ್ತದೆ. ಪ್ರತಿ ಸಲ ಮನೆಗೆ ಬಂದ ಮೇಲೆ ಒಳ್ಳೆಯ ನೀರಲ್ಲಿ ಮೈ ತೊಳೆದು, ಜೋಲುಕಿವಿಗಳನ್ನು ಎತ್ತಿ ಒಳಗೆ ತೇವ ಉಳಿಯದಂತೆ ಒರೆಸಿ.