ದೊಡ್ಡ ಫೈಲ್ ಕಳಿಸಬೇಕು, ಜಿಪ್ ಮಾಡಿದರೆ ಸಾಕಲ್ವಾ?

ಪ್ರಶ್ನೆ: ನನ್ನ ಹತ್ತಿರ 10 ಜಿಬಿಯ ಒಂದು ವಿಡಿಯೋ ಇದೆ. ದೂರದಲ್ಲಿರುವ ಗೆಳೆಯನಿಗೆ ಕಳಿಸಬೇಕು. ಇಮೇಲ್‌ನಲ್ಲಿ ಹೋಗುತ್ತಿಲ್ಲ. ಜಿಪ್ ಮಾಡಿ ಕಳಿಸೋಣ ಅಂತಿದ್ದೇನೆ. ತುಂಬಾ ಚಿಕ್ಕದಾಗಬೇಕಾದರೆ ಯಾವ ಸಾಫ್ಟ್‌ವೇರ್ ಒಳ್ಳೆಯದು?

ಯಾವುದೂ ಬೇಡ. ಫೈಲನ್ನು ಹಾಗೇ ಗೂಗಲ್ ಡ್ರೈವ್‌ಗೋ ಒನ್‌ಡ್ರೈವ್‌ಗೋ ಹಾಕಿ, ಲಿಂಕ್ ಕಳಿಸಿ.

ಉತ್ತರ ಇಷ್ಟೇ. ಆದರೆ ಇಲ್ಲಿಗೇ ನಿಲ್ಲಿಸಿದರೆ ಇದೇ ಪ್ರಶ್ನೆ ಬೇರೆ ಹೆಸರಿನಲ್ಲಿ ಮತ್ತೆ ಬರುತ್ತದೆ ಅಂತ ಅನುಭವದಿಂದ ಗೊತ್ತು. ಒಬ್ಬರು 10 ಜಿಬಿ ಅಂತಾರೆ, ಇನ್ನೊಬ್ಬರು 40 ಜಿಬಿ ಅಂತಾರೆ, ಜಿಪ್ ಮಾತ್ರ ಎಲ್ಲರ ಪ್ರಶ್ನೆಯಲ್ಲೂ ಇರುತ್ತದೆ. ಹಾಗಾಗಿ ಈ ಸಲ ಜಿಪ್ಪನ್ನು ಪೂರ್ತಿ ಬಿಚ್ಚಿಯೇ ಬಿಡೋಣ.

ಜಿಪ್ ಮಾಡುವ ಕೆಲಸ ಬಹಳ ಸರಳ. ಫೈಲಿನಲ್ಲಿ ಮತ್ತೆ ಮತ್ತೆ ಬರುವುದನ್ನು ಹುಡುಕುತ್ತದೆ. ಬಂದದ್ದೇ ಮತ್ತೆ ಬಂದರೆ ಅದನ್ನು ಪೂರ್ತಿ ಬರೆಯುವುದಿಲ್ಲ. ‘ಇಷ್ಟು ಬೈಟ್ ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟನ್ನು ನಕಲು ಮಾಡಿಕೋ’ ಅಂತ ಒಂದು ಚಿಕ್ಕ ಸೂಚನೆ ಇಡುತ್ತದೆ. ಇದು ಲೆಂಪೆಲ್ ಮತ್ತು ಜಿವ್ ಎಂಬಿಬ್ಬರು 1977ರಲ್ಲಿ ಪ್ರಕಟಿಸಿದ ಉಪಾಯ. ಜಾಸ್ತಿ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಕೊಡುವುದು ಇನ್ನೂ ಹಳೆಯದು, 1952ರಲ್ಲಿ ಹಫ್‌ಮನ್ ಕೊಟ್ಟದ್ದು. ನೀವು ರೈಟ್ ಕ್ಲಿಕ್ ಮಾಡಿ ಜಿಪ್ ಅಂದಾಗ ಸಾಮಾನ್ಯವಾಗಿ ಕೆಲಸ ಮಾಡುವುದು ಇವೆರಡೇ.

ಇದು ಎಲ್ಲಿ ಚೆನ್ನಾಗಿ ಫಲಿಸುತ್ತದೆ ಅಂತ ನೋಡಬೇಕಾದರೆ ಈಗ ಓದುತ್ತಿರುವ ಈ ಬರಹವನ್ನೇ ತೆಗೆದುಕೊಳ್ಳಿ. ಕಂಪ್ಯೂಟರ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಯೂನಿಕೋಡ್ ಕ್ರಮದಲ್ಲಿ ಪ್ರತಿ ಕನ್ನಡ ಮೂಲಾಕ್ಷರಕ್ಕೂ, ಕೊಂಬಿನಂಥ ಪ್ರತಿ ಸ್ವರಚಿಹ್ನೆಗೂ ಮೂರು ಬೈಟ್ ಬೇಕು. ಮಜಾ ಏನೆಂದರೆ, ಆ ಮೂರರಲ್ಲಿ ಮೊದಲನೆಯ ಬೈಟ್ ಎಲ್ಲಾ ಕನ್ನಡ ಅಕ್ಷರಗಳಿಗೂ ಒಂದೇ. ಎರಡನೆಯದರಲ್ಲಿ ಇರುವುದು ಎರಡೇ ಬಗೆ. ನಿಜವಾಗಿ ಬದಲಾಗುವುದು ಮೂರನೆಯದು. ಜಿಪ್‌ಗೆ ಇದಕ್ಕಿಂತ ಇನ್ನೇನು ಬೇಕು? ಕನ್ನಡದ ಉದ್ದನೆಯ ಟೆಕ್ಸ್ಟ್ ಫೈಲ್ ಒಂದನ್ನು ಜಿಪ್ ಮಾಡಿ ನೋಡಿ, ಎಷ್ಟು ಇಳಿಯುತ್ತದೆ ಅಂತ ನಿಮಗೇ ಆಶ್ಚರ್ಯವಾಗುತ್ತದೆ.

ಈಗ ವಿಡಿಯೋಗೆ ಬನ್ನಿ. ಫುಲ್ ಎಚ್‌ಡಿಯ ಒಂದು ಫ್ರೇಮ್ ಅಂದರೆ 1920 ಗುಣಿಸು 1080, ಒಟ್ಟು 20,73,600 ಚುಕ್ಕಿ. ಒಂದು ಚುಕ್ಕಿಗೆ ಮೂರು ಬೈಟ್ ಅಂದರೂ ಒಂದು ಫ್ರೇಮಿಗೆ 6.2 ಎಂಬಿ ಆಯಿತು. ಸೆಕೆಂಡಿಗೆ 30 ಫ್ರೇಮ್, ಅಂದರೆ ಸುಮಾರು 186 ಎಂಬಿ. ಒಂದು ನಿಮಿಷಕ್ಕೆ 11 ಜಿಬಿ ದಾಟುತ್ತದೆ. ನಿಮ್ಮ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ಎಷ್ಟಿರುತ್ತದೆ ನೋಡಿ. ನೂರು, ನೂರೈವತ್ತು ಎಂಬಿ, ಅಲ್ವಾ? ಉಳಿದದ್ದೆಲ್ಲ ಎಲ್ಲಿ ಹೋಯಿತು?

ಫೋನೇ ತೆಗೆದು ಹಾಕಿದೆ. ಎಚ್.264 ತರಹದ ಕೋಡೆಕ್‌ಗಳ, ಅಂದರೆ ವಿಡಿಯೋ ಕುಗ್ಗಿಸುವ ವಿಧಾನಗಳ, ಕೆಲಸವೇ ಅದು. ಹಿಂದಿನ ಗೋಡೆ ಅಲುಗಾಡದಿದ್ದರೆ ಅದನ್ನು ಪ್ರತಿ ಫ್ರೇಮಿನಲ್ಲೂ ಬರೆಯುವುದಿಲ್ಲ. ಕೈ ಬಲಕ್ಕೆ ಸರಿದರೆ ‘ಈ ಭಾಗ ಇಷ್ಟು ಸರಿಯಿತು’ ಅಂತ ಮಾತ್ರ ಬರೆದಿಡುತ್ತದೆ. ಕಣ್ಣಿಗೆ ಗೊತ್ತಾಗದ ಸಣ್ಣ ವಿವರಗಳನ್ನು ಬಿಟ್ಟೇ ಬಿಡುತ್ತದೆ. ನೂರರಲ್ಲಿ ಹೆಚ್ಚೂಕಡಿಮೆ ತೊಂಬತ್ತೊಂಬತ್ತು ಪಾಲು ಹೋದ ಮೇಲೆ ಉಳಿದದ್ದೇ ನಿಮ್ಮ ಎಂಪಿ4 ಫೈಲ್. ಅದರಲ್ಲಿ ಜಿಪ್‌ಗೆ ಬೇಕಾದ ಪುನರಾವರ್ತನೆ ಉಳಿದೇ ಇಲ್ಲ. ಗಟ್ಟಿಯಾಗಿ ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ನೀರು ಬರುತ್ತಾ?

ಜೆಪೆಗ್ ಫೋಟೋ, ಎಂಪಿ3 ಹಾಡು ಎಲ್ಲದರ ಕಥೆಯೂ ಇದೇ. ವರ್ಡ್‌ನ ಡಾಕ್ಸ್ ಫೈಲ್ ಅಂತೂ ತಾನೇ ಒಂದು ಜಿಪ್. ನಂಬಿಕೆ ಬರದಿದ್ದರೆ ಅದರ ಒಂದು ನಕಲು ಮಾಡಿಕೊಂಡು, ಹೆಸರಿನ ಕೊನೆಯಲ್ಲಿ ಡಾಕ್ಸ್ ಅಳಿಸಿ ಜಿಪ್ ಅಂತ ಹಾಕಿ ತೆರೆಯಿರಿ. ಒಳಗೆ ಫೋಲ್ಡರುಗಳು ಕಾಣುತ್ತವೆ.

ಇಷ್ಟು ಹೇಳಿದ ಮೇಲೂ ‘ಜಿಪ್ ಬಿಡಿ ಸಾರ್, ರಾರ್ ಮಾಡಿದರೆ? 7ಜಿಪ್‌ನಲ್ಲಿ ಅಲ್ಟ್ರಾ ಇಟ್ಟರೆ? ಜಿಪ್ ಮಾಡಿದ್ದನ್ನೇ ಇನ್ನೊಮ್ಮೆ ಜಿಪ್ ಮಾಡಿದರೆ?’ ಅಂತ ಕೇಳುವವರಿದ್ದಾರೆ. ಅವರಿಗೆ ಒಂದು ಲೆಕ್ಕ. ಪ್ರತಿ ಸಲ ಜಿಪ್ ಮಾಡಿದಾಗಲೂ ಫೈಲ್ ಚಿಕ್ಕದಾಗುತ್ತಲೇ ಹೋಗುವುದಾದರೆ, ಬಿಡದೆ ಮಾಡುತ್ತಾ ಹೋದರೆ ಕೊನೆಗೆ ಒಂದು ಬೈಟ್ ಉಳಿಯಬೇಕು. ಒಂದು ಬೈಟ್‌ಗೆ ಇರುವ ಬೆಲೆಗಳು ಬರೀ 256. ಹಾಗಾದರೆ ಜಗತ್ತಿನ ಎಲ್ಲಾ ಸಿನಿಮಾ, ಹಾಡು, ಪುಸ್ತಕ ಸೇರಿ 256 ಫೈಲ್ ಮಾತ್ರ ಇರಲು ಸಾಧ್ಯ. ಬಿಚ್ಚುವಾಗ ಯಾವುದು ಯಾವುದು ಅಂತ ಗೊತ್ತಾಗುವುದು ಹೇಗೆ? ಒಂದಿಷ್ಟು ಫೈಲ್‌ಗಳು ಚಿಕ್ಕದಾಗಬೇಕಾದರೆ ಇನ್ನೊಂದಿಷ್ಟು ದೊಡ್ಡದಾಗಲೇಬೇಕು. ನಿಮ್ಮ ವಿಡಿಯೋ ಜಿಪ್ ಆದ ಮೇಲೆ ಕೆಲವೊಮ್ಮೆ ಒಂದೆರಡು ಕೆಬಿ ಹೆಚ್ಚಾಗುವುದೂ ಇದರಿಂದಲೇ.

‘ನನಗೆ ಮಾತ್ರ 10 ಜಿಬಿ ಇದ್ದದ್ದು 4 ಆಯ್ತು’ ಅನ್ನುವವರು ಮಾಡಿದ್ದು ಜಿಪ್ ಅಲ್ಲ. ಯಾವುದೋ ಕನ್ವರ್ಟರ್ ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡಿರುತ್ತದೆ. ಅದರಲ್ಲಿ ತಪ್ಪಿಲ್ಲ, ಸುಮ್ನೆ ನೋಡಲಿಕ್ಕಾದರೆ ಸಾಕು. ಆದರೆ ಆಗ ಬಿಟ್ಟುಹೋದ ಗುಣಮಟ್ಟ ವಾಪಸ್ ಬರುವುದಿಲ್ಲ. ಎಡಿಟ್ ಮಾಡುವವರಿಗೆ ಕಳಿಸುವುದಿದ್ದರೆ ಮಾಡಬೇಡಿ.

ಜಿಪ್ ದಂಡ ಅಂತ ನಾನು ಹೇಳುತ್ತಿಲ್ಲ. ಮೂರು ಸಾವಿರ ಫೋಟೋ ಇರುವ ಫೋಲ್ಡರ್ ಕಳಿಸುವಾಗ ಅದನ್ನು ಒಂದೇ ಫೈಲ್ ಮಾಡಿಕೊಳ್ಳುವುದು ಜಾಣತನ. ಅದು ಗಂಟು ಕಟ್ಟಲು, ಗಾತ್ರ ಇಳಿಸಲು ಅಲ್ಲ.

ಇನ್ನು ದಾರಿಗಳು. ಇಮೇಲ್ ಮರೆತುಬಿಡಿ. ಜಿಮೇಲ್‌ನ ಮಿತಿ 25 ಎಂಬಿ. ಅದೂ ಸಾಲದೆಂಬಂತೆ, ಅಕ್ಷರಗಳಿಗಾಗಿ ಹುಟ್ಟಿದ ಈ ವ್ಯವಸ್ಥೆಯಲ್ಲಿ ಅಟ್ಯಾಚ್‌ಮೆಂಟಿನ ಪ್ರತಿ ಮೂರು ಬೈಟನ್ನು ನಾಲ್ಕು ಅಕ್ಷರ ಮಾಡಿ ಕಳಿಸಲಾಗುತ್ತದೆ. 20 ಎಂಬಿಯ ಫೈಲ್ ದಾರಿಯಲ್ಲಿ 27 ಎಂಬಿ ಹತ್ತಿರ ಆಗುತ್ತದೆ. ವಾಟ್ಸ್ಆಪ್‌ನಲ್ಲಿ 2 ಜಿಬಿವರೆಗೆ ಆಗುತ್ತದೆ, ಆದರೆ ಗ್ಯಾಲರಿಯಿಂದ ಅಲ್ಲ, ಡಾಕ್ಯುಮೆಂಟ್ ಅಂತ ಆರಿಸಿ. ಗ್ಯಾಲರಿಯಿಂದ ಕಳಿಸಿದರೆ ಅದು ವಿಡಿಯೋವನ್ನು ತಾನೇ ಕುಗ್ಗಿಸಿಬಿಡುತ್ತದೆ. ಗೂಗಲ್ ಡ್ರೈವ್‌ನಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲಿ ನಿಮ್ಮ ಮೇಲ್ ಮತ್ತು ಫೋಟೋಗಳೂ ಸೇರಿವೆ. ಲೆಕ್ಕಕ್ಕೆ ಬರುವುದು ಕಳಿಸುವವರ ಜಾಗ. ಲಿಂಕ್ ಕೊಡುವಾಗ ಯಾರು ನೋಡಬಹುದು ಅಂತ ಒಮ್ಮೆ ಪರೀಕ್ಷಿಸಿ. ‘ಅನುಮತಿ ಕೇಳುತ್ತಿದೆ’ ಅಂತ ಮರುದಿನ ಫೋನ್ ಬರುವುದು ಇಲ್ಲಿ ಎಡವಿದವರಿಗೇ.

ಎಷ್ಟು ಹೊತ್ತು ಹಿಡಿಯುತ್ತದೆ? 100 ಎಂಬಿಪಿಎಸ್ ಕನೆಕ್ಷನ್ ಇದೆ ಅಂತ ಬೀಗಬೇಡಿ. ಅದು ಬಿಟ್ ಲೆಕ್ಕ, ಎಂಟರಿಂದ ಭಾಗಿಸಿದರೆ ಬೈಟ್. ನಿಮಗೆ ಬೇಕಾದದ್ದು ಅಪ್‌ಲೋಡ್ ವೇಗ, ಅದು ಎಷ್ಟೋ ಕಡೆ ಡೌನ್‌ಲೋಡಿಗಿಂತ ಕಡಿಮೆ. 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 10 ಜಿಬಿ ಹೋಗಲು ಎಲ್ಲವೂ ಸರಿಯಾಗಿದ್ದರೂ 2 ಗಂಟೆ 13 ನಿಮಿಷ ಬೇಕು. ರಾತ್ರಿ ಹಚ್ಚಿಟ್ಟು ಮಲಗಿ, ಆದರೆ ಕಂಪ್ಯೂಟರ್ ಮಲಗದಂತೆ ಸೆಟಿಂಗ್ ಬದಲಿಸಿ. ಬ್ರೌಸರ್‌ಗಿಂತ ಡ್ರೈವ್‌ನ ಆಪ್ ವಾಸಿ, ಮಧ್ಯೆ ನೆಟ್ ಹೋದರೂ ಮುಂದುವರಿಸುತ್ತದೆ.

ಇಷ್ಟೆಲ್ಲ ಯಾಕೆ, ಹಾರ್ಡ್ ಡಿಸ್ಕನ್ನೇ ಕೊರಿಯರ್ ಮಾಡಿದರೆ? ಇದನ್ನು ಯಾರೂ ಕೇಳಿಲ್ಲ, ಕೇಳಬೇಕಿತ್ತು. 2019ರಲ್ಲಿ ಬಿಡುಗಡೆಯಾದ ಮೊದಲ ಕಪ್ಪುಕುಳಿಯ ಚಿತ್ರ ನೆನಪಿದೆಯಾ? ಅದಕ್ಕಾಗಿ 2017ರ ಏಪ್ರಿಲ್‌ನಲ್ಲಿ ಎಂಟು ದೂರದರ್ಶಕಗಳು ಸೇರಿ ಸುಮಾರು 5 ಪೆಟಾಬೈಟ್ (ಒಂದು ಪೆಟಾಬೈಟ್ ಅಂದರೆ ಹತ್ತು ಲಕ್ಷ ಜಿಬಿ) ದತ್ತಾಂಶ ಕಲೆಹಾಕಿದವು. ಅದು ಹೋದದ್ದು ನೆಟ್‌ನಲ್ಲಲ್ಲ, ವಿಮಾನದಲ್ಲಿ, ಹಾರ್ಡ್ ಡಿಸ್ಕುಗಳಲ್ಲಿ. ದಕ್ಷಿಣ ಧ್ರುವದಲ್ಲಿದ್ದ ದೂರದರ್ಶಕದ ಡಿಸ್ಕುಗಳು ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವ ತನಕ ತಿಂಗಳುಗಟ್ಟಲೆ ಕಾಯಬೇಕಾಯಿತು. ಒಂದು ಗಿಗಾಬಿಟ್ ಲೈನಿನಲ್ಲಿ ಒಂದೇ ಒಂದು ಪೆಟಾಬೈಟ್ ಕಳಿಸಲು 92 ದಿನ ದಾಟುತ್ತದೆ. ನಿಮ್ಮದು ಒಂದೆರಡು ಟಿಬಿ ಇದ್ದು ಅಪ್‌ಲೋಡ್ ನಿಧಾನವಿದ್ದರೆ ಡಿಸ್ಕ್ ಕಳಿಸುವುದರಲ್ಲಿ ನಾಚಿಕೆಯೇನಿಲ್ಲ.

ಹಾಗೆ ಮಾಡುವಾಗ ಪೆನ್‌ಡ್ರೈವ್‌ನಲ್ಲಿ 50 ಜಿಬಿ ಖಾಲಿ ಇದ್ದರೂ ‘ಫೈಲ್ ತುಂಬಾ ದೊಡ್ಡದು’ ಅಂತ ಬಂದರೆ ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಫ್ಯಾಟ್32 ಎಂಬ, ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಹಳೆಯ ಕ್ರಮದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. ಅದರಲ್ಲಿ ಫೈಲಿನ ಗಾತ್ರ ಬರೆದಿಡಲು ಇರುವುದು 32 ಬಿಟ್ ಮಾತ್ರ, ಹಾಗಾಗಿ 4 ಜಿಬಿ ಮುಟ್ಟುವ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿ, ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ತೆರೆಯುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ನಕಲು ಇಟ್ಟುಕೊಳ್ಳಿ.